ಮಾತ್ರೆ ಎಣಿಸುತ್ತಾ ಸುನೀತ ಕಲಿತದ್ದು

ಸುನೀತ ಅಂದ್ರೆ ಹದಿನಾಲ್ಕು ಸಾಲಿನ ಪದ್ಯ, ಇಂಗ್ಲಿಷಿನಲ್ಲಿ ಸಾನೆಟ್ ಅನ್ನುತ್ತಾರಲ್ಲ, ಅದೇ. ಇಷ್ಟು ಎಲ್ಲರಿಗೂ ಗೊತ್ತು, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದಿರುತ್ತೇವೆ, ಅಲ್ಲಿಗೆ ಮುಗಿಯಿತು. ಆದರೆ ಅದನ್ನು ಬರೆಯೋಕೆ ಕೂತಾಗ ಬಾಯಿ, ಕಿವಿ, ಬೆರಳು ಎಲ್ಲವೂ ಕೆಲಸಕ್ಕೆ ಇಳಿಯಬೇಕಾಗುತ್ತದೆ. ನಾನು ಕಲಿಯುವಾಗ ಯಾರಾದರೂ ಇದನ್ನು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ಇರೋದು ಧಾರವಾಡದ ಮಾಳಮಡ್ಡಿಯಲ್ಲಿ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಕವಿತೆ ಮೊದಲಿನಿಂದಲೂ ಬರೆಯುತ್ತಿದ್ದೆ, ಛಂದಸ್ಸಿಲ್ಲ, ಪ್ರಾಸವಿಲ್ಲ, ಮನಸ್ಸಿಗೆ ಬಂದಲ್ಲಿ ಸಾಲು ಮುರಿಯೋದು. ಅಪ್ಪ ಹೋದ ಮೇಲೆ ನಮ್ಮ ಹಳೆಯ ಮನೆ ಮಾರಬೇಕಾಯಿತು. ಅದರ ಬಗ್ಗೆ ಬರೆಯುತ್ತಾ ಹೋದೆ, ಪುಟಗಟ್ಟಲೆ ಆಯಿತು, ಎಲ್ಲಿ ನಿಲ್ಲಿಸಬೇಕು ಅನ್ನೋದೇ ತಿಳಿಯಲಿಲ್ಲ. ನಮ್ಮ ಓಣಿಯಲ್ಲೇ ನಿವೃತ್ತ ಇಂಗ್ಲಿಷ್ ಮಾಸ್ತರೊಬ್ಬರು ಇದ್ದಾರೆ, ಅವರಿಗೆ ತೋರಿಸಿದೆ. ಪೂರ್ತಿ ಓದಿದರು. ಕನ್ನಡಕ ತೆಗೆದಿಟ್ಟು, "ನೋಡವಾ ತಂಗಿ, ದುಃಖ ಐತಿ, ಆದ್ರ ಅದಕ್ಕ ಅಂಚಿಲ್ಲ. ಇದನ್ನ ಹದಿನಾಲ್ಕು ಸಾಲಿನಾಗ ಕೂಡಸಿ ನೋಡು" ಅಂದರು.

ಸರ್ ಇಂಗ್ಲಿಷಿನಿಂದಲೇ ಶುರು ಮಾಡಿಸಿದರು. ಸಾನೆಟ್ ಹುಟ್ಟಿದ್ದು 13ನೇ ಶತಮಾನದ ಸಿಸಿಲಿಯಲ್ಲಿ, ಅದಕ್ಕೆ ದೊಡ್ಡ ಹೆಸರು ತಂದದ್ದು ಇಟಲಿಯ ಪೆಟ್ರಾರ್ಕ್, 16ನೇ ಶತಮಾನದಲ್ಲಿ ವಯಟ್ ಅದನ್ನು ಇಂಗ್ಲಿಷಿಗೆ ತಂದ. ಇಟಲಿಯ ಕಟ್ಟಿನಲ್ಲಿ ಮೊದಲು ಎಂಟು ಸಾಲು, ಆಮೇಲೆ ಆರು. ಎಂಟು ಸಾಲಿಗೂ ಎರಡೇ ಪ್ರಾಸ: ಅ ಬ ಬ ಅ, ಮತ್ತೆ ಅ ಬ ಬ ಅ. ಅಂದ್ರೆ ಒಂದೇ ಸದ್ದಿನ ನಾಲ್ಕು ಪದ ಬೇಕು. ಇಟಾಲಿಯನ್ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಅವರಿಗೆ ಪ್ರಾಸಕ್ಕೆ ಬರ ಇಲ್ಲ. ಇಂಗ್ಲಿಷಿನಲ್ಲಿ ಅಷ್ಟು ಸಿಗೋದಿಲ್ಲ. ಅದಕ್ಕೇ ಸರ್ರೆ ಅನ್ನೋ ಕವಿ ಅದನ್ನು ಸಡಿಲ ಮಾಡಿ ನಾಲ್ಕು ನಾಲ್ಕು ಸಾಲಿನ ಮೂರು ತುಂಡು, ಕೊನೆಗೆ ಒಂದು ಜೋಡಿ ಸಾಲು ಅಂತ ಇಟ್ಟ. ಅದೇ ಕಟ್ಟಿನಲ್ಲಿ ಶೇಕ್ಸ್‌ಪಿಯರ್ ಬರೆದ, 1609ರಲ್ಲಿ ಅವನ 154 ಸಾನೆಟ್‌ಗಳು ಅಚ್ಚಾದವು. ಭಾಷೆಯ ಗುಣ ನೋಡಿಕೊಂಡು ಕಟ್ಟು ಬದಲಾಯಿಸಿದ್ದಾರೆ ಅನ್ನೋದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಮುಂದೆ ಇದೇ ಉಪಯೋಗಕ್ಕೆ ಬಂತು.

ಆಮೇಲೆ ಪದದ ಮೇಲಿನ ಒತ್ತು. ನಾವು ಇಂಗ್ಲಿಷ್ ಮಾತಾಡುವಾಗ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನವರು ಹಾಗಲ್ಲ, ಒಂದು ಅಕ್ಷರವನ್ನು ಎತ್ತಿ ಹೇಳಿ ಉಳಿದವನ್ನು ನುಂಗಿಬಿಡುತ್ತಾರೆ. ಸರ್ ಮೂರು ಪದ ಕೊಟ್ಟರು. ಫೋಟೋಗ್ರಾಫ್‌ನಲ್ಲಿ ಒತ್ತು 'ಫೋ' ಮೇಲೆ. ಫೋಟಾಗ್ರಫರ್ ಆದಾಗ 'ಟಾ' ಮೇಲೆ. ಫೋಟೋಗ್ರಾಫಿಕ್ ಆದಾಗ 'ಗ್ರಾ' ಮೇಲೆ. ಬೇರು ಒಂದೇ, ಒತ್ತು ಮಾತ್ರ ಜಾಗ ಬದಲಾಯಿಸುತ್ತಾ ಹೋಗುತ್ತದೆ. ರೆಕಾರ್ಡ್ ಅನ್ನೋದು ನಾಮಪದವಾದರೆ ಮೊದಲಲ್ಲಿ ಒತ್ತು, ಕ್ರಿಯಾಪದವಾದರೆ ಎರಡನೆಯದರಲ್ಲಿ. "ಬಾಯಿಲೆ ಹೇಳಬ್ಯಾಡ, ಕೈಲೆ ಹೇಳು" ಅಂತ ಮೇಜು ಬಡಿಸಿದರು. ಸಾನೆಟ್ಟಿನ ಸಾಲಿಗೆ ಅಯಾಂಬಿಕ್ ಪೆಂಟಾಮೀಟರ್ ಅನ್ನುತ್ತಾರಲ್ಲ, ಅದು ಇಷ್ಟೇ: ಒಂದು ಹಗುರ, ಒಂದು ಭಾರ, ಹೀಗೆ ಐದು ಜೋಡಿ, ಒಟ್ಟು ಹತ್ತು ಅಕ್ಷರ. ನಾನು ಕಟ್ಟಿದ ಮೊದಲ ಸರಿಯಾದ ಸಾಲು ಇದು:

ದ ರೇನ್ ಹ್ಯಾಜ್ ಕಮ್ ಟು ಧಾರ್‌ವಾಡ್ ಲೇಟ್ ಟುನೈಟ್.

ರೇನ್, ಕಮ್, ಧಾರ್, ಲೇಟ್, ನೈಟ್ ಮೇಲೆ ಪೆಟ್ಟು, ಉಳಿದ ಐದು ಹಗುರ. ಮೇಜು ಬಡಿಯುತ್ತಾ ಹೇಳಿ ನೋಡಿ, ಸರಿಯಾಗಿ ಬೀಳುತ್ತದೆ. ನನಗಂತೂ ಆ ದಿನ ಭಾರಿ ಖುಷಿಯಾಗಿತ್ತು.

ಇದೇ ಲಯವನ್ನು ಕನ್ನಡಕ್ಕೆ ತರಬೇಕು ಅಂತ ಕೂತೆ. ಬರಲಿಲ್ಲ. ಹಗುರ, ಭಾರ, ಹಗುರ, ಭಾರ ಅಂತ ಜೋಡಿಸಿದ ಕನ್ನಡ ಸಾಲು ಓದಿದರೆ ಎಡವಿದ ಹಾಗೆ ಕೇಳುತ್ತಿತ್ತು. ಯಾಕೆ ಅಂತ ಹುಡುಕಲು ಹೋಗಿ ಹೈಸ್ಕೂಲಿನ ವ್ಯಾಕರಣ ತೆಗೆದೆ. "ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯಿರಿ" ಅನ್ನೋ ಪ್ರಶ್ನೆ ನೆನಪಿದೆಯಾ? ಗಣಗಳನ್ನು ನೆನಪಿಡೋಕೆ ಕಲಿಸಿದ ಯಮಾತಾರಾಜಭಾನಸಲಗಂ ಸೂತ್ರ? ಅದೇ. ಅವತ್ತು ಅಂಕಕ್ಕಾಗಿ ಕಲಿತದ್ದು ಈಗ ಒಂದೊಂದಾಗಿ ಜೀವ ಬಂದು ಎದ್ದು ನಿಂತಿತು.

ಕನ್ನಡದಲ್ಲಿ ತೂಕ ಬರೋದು ಒತ್ತಿ ಹೇಳೋದರಿಂದ ಅಲ್ಲ, ಉಚ್ಚಾರಕ್ಕೆ ಹಿಡಿಯುವ ಕಾಲದಿಂದ. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಇದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಗುರು, ಎರಡು ಮಾತ್ರೆ. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪೇ ಗಣ. ಮತ್ತೆ ನಮ್ಮಲ್ಲಿ ತಾಳದ ಪೆಟ್ಟು ಬೀಳೋದು ಗಣದ ಮೊದಲ ಅಕ್ಷರದ ಮೇಲೆ. ಮಾತಾಡುವಾಗಲೂ ಅಷ್ಟೇ, ಒತ್ತಿ ಹೇಳೋದಿದ್ದರೆ ಸಾಮಾನ್ಯವಾಗಿ ಪದದ ಶುರುವಿನಲ್ಲೇ ಒತ್ತುತ್ತೇವೆ. ಹಾಗಾಗಿ ಮಾತ್ರಾಗಣದಲ್ಲಿ ಒಂದು ಕಟ್ಟುನಿಟ್ಟು ಇದೆ: ಗಣ ಲಘು-ಗುರುವಿನಿಂದ ಶುರುವಾಗಬಾರದು. ಮೊದಲು ಒಂದು ಮಾತ್ರೆ, ತಕ್ಷಣ ಎರಡು ಮಾತ್ರೆ ಬಂದರೆ ಪೆಟ್ಟು ಒಂದು ಕಡೆ, ತೂಕ ಒಂದು ಕಡೆ ಆಗಿ ಲಯ ಕೆಡುತ್ತದೆ. ಷಟ್ಪದಿ, ರಗಳೆಯಂಥ ಹಳೆಯ ಛಂದಸ್ಸುಗಳಲ್ಲಿ ಜಗಣ, ಅಂದ್ರೆ ಲಘು-ಗುರು-ಲಘು, ಬೇಡ ಅಂತ ಹೇಳೋದು ಇದಕ್ಕೇ. ಈಗ ನೋಡಿ, ಇಂಗ್ಲಿಷ್ ಸಾನೆಟ್ಟಿನ ಜೀವಾಳವೇ ಹಗುರ-ಭಾರ. ಅದೇ ಆಕಾರವನ್ನು ಕನ್ನಡ ಗಣದ ಬಾಗಿಲಲ್ಲೇ ತಡೆಯುತ್ತದೆ. ಇದು ಹೊಳೆದಾಗ ಬಸ್ಸಿನಲ್ಲಿದ್ದೆ, ಇಳಿದ ಕೂಡಲೇ ಸರ್‌ಗೆ ಫೋನ್ ಮಾಡಿದೆ. "ಹೌದಲ್ಲ! ಹಂಗಾರ ಒತ್ತು ಬಿಟ್ಟುಬಿಡು, ಮಾತ್ರೆ ಹಿಡಿ" ಅಂದರು.

ಯಾವ ಗಣ ಹಿಡಿಯೋದು? ನನ್ನ ಕಿವಿಯಲ್ಲಿ ಮೊದಲಿನಿಂದ ಇರೋದು ಭಾಮಿನಿ ಷಟ್ಪದಿ. ಗದಗದಲ್ಲಿರೋ ಚಿಕ್ಕವ್ವ ಕುಮಾರವ್ಯಾಸನ ಪದ್ಯಗಳನ್ನು ರಾಗವಾಗಿ ಹೇಳುತ್ತಾರೆ. ಚಿಕ್ಕವರಿದ್ದಾಗ ನಮ್ಮನ್ನು ವೀರನಾರಾಯಣ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಈ ಕಂಬಕ್ಕ ಒರಗಿ ಕುಂತು ಭಾರತ ಬರದಾನ ನೋಡ್ರಿ ಅಂತ ತೋರಿಸುತ್ತಿದ್ದರು. ಅವನ ಊರು ಕೋಳಿವಾಡ ನಮ್ಮ ಹುಬ್ಬಳ್ಳಿ ಪಕ್ಕದ್ದೇ ಅನ್ನೋ ಅಭಿಮಾನ ಬೇರೆ. ಭಾಮಿನಿ ಅಂದ್ರೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ಪೆನ್ನು ಹಿಡಿದರೆ ಸಾಕು, ಸಾಲು ತಾನಾಗೇ ಹಾಗೆ ಬರುತ್ತಿತ್ತು: "ನಮ್ಮ ಮನೆಯಲಿ ಇದ್ದ ತುಳಸಿಯ". ನಮ್ಮ, ಮೂರು. ಮನೆಯಲಿ, ನಾಲ್ಕು. ಇದ್ದ, ಮೂರು. ತುಳಸಿಯ, ನಾಲ್ಕು. ಚಂದ ಇದೆ, ಆದರೆ ಅದು ಓಡುವ ಲಯ, ಕಥೆ ಹೇಳೋಕೆ ಹೇಳಿ ಮಾಡಿಸಿದ್ದು. ಸುನೀತದಲ್ಲಿ ಸಾಲು ಸ್ವಲ್ಪ ನಿಂತು ಯೋಚಿಸಬೇಕು. ಲಲಿತ ರಗಳೆಯ ಐದು ಮಾತ್ರೆಯ ನಾಲ್ಕು ಗಣ ಇದಕ್ಕೆ ಹೊಂದುತ್ತದೆ, ಸರಳ ರಗಳೆಯ ಅಡಿಪಾಯವೂ ಅದೇ. ಸಾಲಿಗೆ ಇಪ್ಪತ್ತು ಮಾತ್ರೆ. ಐದು ಬೆಸ ಸಂಖ್ಯೆ ಆಗಿರೋದರಿಂದ ಪ್ರತಿ ಗಣದ ಕೊನೆಗೂ ಒಂದು ಸಣ್ಣ ತೂಗು ಇರುತ್ತದೆ, ಮಾತಿಗೂ ಹತ್ತಿರ ಇರುತ್ತದೆ.

ಮುಂದಿನ ತಿಂಗಳುಗಳು ಹೋದದ್ದು ಬೆರಳು ಮಡಚೋದರಲ್ಲೇ. ಜ್ಯುಬಿಲಿ ಸರ್ಕಲ್‌ನಿಂದ ಎಪಿಎಂಸಿ ಸ್ಟಾಪಿನ ತನಕ ಕಿಟಕಿಯಾಚೆ ಕಂಡ ಅಂಗಡಿ ಬೋರ್ಡುಗಳಿಗೆಲ್ಲ ಮಾತ್ರೆ ಎಣಿಸುತ್ತಿದ್ದೆ. ಒಂದು ಕೈಯಲ್ಲಿ ಐದು ಬೆರಳು ಇರೋದು ಎಷ್ಟು ಅನುಕೂಲ ಅಂತ ಆಗ ಗೊತ್ತಾಯಿತು, ಕೈ ಮುಚ್ಚಿದರೆ ಒಂದು ಗಣ, ನಾಲ್ಕು ಸಲ ಮುಚ್ಚಿದರೆ ಒಂದು ಸಾಲು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ನನಗೆ ಜಾಸ್ತಿ ಕಲಿಸಿದ್ದು ಇದು. ನಾನು ದಿನವೆಲ್ಲ ಬಳಸೋ ಪದಗಳು ಹರಾಜು, ರಸೀದಿ, ವಸೂಲಿ, ಜಮೀನು. ಲಘು, ಗುರು, ಲಘು. ಅಂದ್ರೆ ಎಲ್ಲವೂ ಜಗಣ! ಗಣದ ಮೊದಲಿಗೆ ಇಟ್ಟರೆ ಕೂರೋದಿಲ್ಲ. ಹಾಗಂತ ಆ ಪದಗಳನ್ನು ಬಿಟ್ಟು ಬರೆದರೆ ಅದು ನನ್ನ ಪದ್ಯ ಆಗುತ್ತಾ? ದಾರಿ ಇದೆ. ಪದವನ್ನು ಎರಡು ಗಣಗಳ ಮಧ್ಯೆ ಮುರಿಯಬೇಕು, ಮೊದಲ ಲಘು ಹಿಂದಿನ ಗಣದ ಬಾಲಕ್ಕೆ, ಗುರು ಮುಂದಿನ ಗಣದ ತಲೆಗೆ. ಹೀಗೆ:

ಹತ್ತಿಯ ಹ | ರಾಜು ಮುಗಿ | ದಿತ್ತು ಸಂ | ಜೆಯ ಹೊತ್ತು

ಈಗ ಪೆಟ್ಟು ನೇರ 'ರಾ' ಮೇಲೆ ಬೀಳುತ್ತದೆ, ಮಾರ್ಕೆಟ್ಟಿನಲ್ಲಿ ಕೂಗುವಾಗ ದನಿ ಏರೋದೂ ಅಲ್ಲೇ. ಓದುವವರಿಗೆ ಮುರಿದದ್ದು ಗೊತ್ತಾಗೋದಿಲ್ಲ, ಸಾಲು ಮಾತ್ರ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಪ್ರತಿ ಪದವೂ ಗಣಕ್ಕೆ ಸರಿಯಾಗಿ ಮುಗಿದರೆ ಪದ್ಯ ಲೆಫ್ಟ್-ರೈಟ್ ನಡೆದ ಹಾಗಿರುತ್ತದೆ. ಅಲ್ಲಲ್ಲಿ ಪದ ಗಣದಾಚೆ ಕಾಲು ಚಾಚಬೇಕು.

ಆಡುಮಾತು ಇನ್ನೊಂದು ದೊಡ್ಡ ಸಹಾಯ. ಮಾಡಿದೆನು ಅಂದ್ರೆ ಐದು ಮಾತ್ರೆ, ಮಾಡಿದೆ ನಾಲ್ಕು, ಮಾಡ್ದೆ ಮೂರು. ಒಂದೇ ಕೆಲಸಕ್ಕೆ ಮೂರು ಅಳತೆ ಕೈಯಲ್ಲಿ ಇದ್ದ ಹಾಗಾಯಿತು. ಆದರೆ ಅಳತೆ ಸರಿಹೋಯಿತು ಅಂತ ಪುಸ್ತಕದ ರೂಪ ತುರುಕಿದರೆ ಪದ್ಯಕ್ಕೆ ವಯಸ್ಸಾಗಿಬಿಡುತ್ತದೆ. ನನ್ನ ಮೊದಲ ಚೌಪದಿಯಲ್ಲಿ 'ನೋಡಿದೆನು' ಇತ್ತು, ಚಿಗರಿ ಬಸ್ಸಿನ ಪಕ್ಕದಲ್ಲಿ ಅದು ಹೊಂದಲಿಲ್ಲ. 'ನೋಡಿದ್ದೆ' ಅಂತ ಬದಲಾಯಿಸಿದೆ, ಅದಕ್ಕೂ ಐದೇ ಮಾತ್ರೆ. ಈ ಥರ ಒಂದು ಪದ ಸಿಕ್ಕ ಸಂಜೆ ಊಟ ಕೂಡ ರುಚಿ ಅನಿಸುತ್ತದೆ, ನಿಜ ಹೇಳ್ತೀನಿ.

ಕೊನೆಗೆ ಆ ನಾಲ್ಕು ಸಾಲು ಹೀಗೆ ನಿಂತವು:

ಮಳೆ ಬಂತು ಧಾರವಾಡದ ಕೆಂಪು ಮಣ್ಣಿನಲಿ
ಗಿಡದಾಚೆ ಕಾಣದಾಯಿತು ಮನೆಯ ಹಳೆದಾರಿ
ಚಿಗರಿ ಬಸ್ಸಿನ ದೀಪ ಬೆಳಗಿತ್ತು ಕಣ್ಣಿನಲಿ
ತಿರುತಿರುಗಿ ನೋಡಿದ್ದೆ ಇಳಿವಾಗ ಈ ಸಾರಿ

ನಾಲ್ಕನೇ ಸಾಲಿನ ಕೊನೆಗೆ ಮೊದಲು 'ಪ್ರತಿಸಾರಿ' ಅಂತ ಹಾಕಿದ್ದೆ. ಸರ್ ಬೆರಳಿಟ್ಟು ತೋರಿಸಿದರು: 'ಪ್ರ' ಒತ್ತಕ್ಷರ, ಅದು ಹಿಂದಿನ 'ಗ'ವನ್ನು ಎಳೆದು ಗುರು ಮಾಡುತ್ತದೆ, ಗಣಕ್ಕೆ ಆರು ಮಾತ್ರೆ ಆಗುತ್ತದೆ. ಈಗಿನವರು ಬಹಳ ಜನ ಬೇರೆ ಪದದ ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ. ಆದರೆ ಜೋರಾಗಿ ಓದಿದಾಗ ನಾಲಿಗೆ ಅಲ್ಲಿ ತಡೆಯೋದು ನಿಜ. 'ಈ ಸಾರಿ' ಅಂತ ಮಾಡಿದ ಮೇಲೆ ಅರ್ಥವೂ ಮೊನಚಾಯಿತು. ಇದು ಕೊನೆಯ ಸಾರಿ ಅನ್ನೋದು ಹೇಳದೇ ಗೊತ್ತಾಗುತ್ತದೆ, ಅಲ್ವಾ?

ಇನ್ನು ಪ್ರಾಸ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರೋದು. ಗೋವಿಂದ ಪೈಗಳು 1911ರ ಸುಮಾರಿಗೆ ಅದನ್ನು ಬಿಟ್ಟದ್ದು ಆಗ ದೊಡ್ಡ ಚರ್ಚೆಯೇ ಆಗಿತ್ತು. ಆಮೇಲೆ ಬೇಂದ್ರೆ, ಗೋಕಾಕ, ಮಾಸ್ತಿ, ಕುವೆಂಪು ಎಲ್ಲರೂ ಸುನೀತ ಬರೆದರು. ಸುನೀತಕ್ಕೆ ಬೇಕಾದದ್ದು ಸಾಲಿನ ಕೊನೆಯ ಪ್ರಾಸ. ರಗಳೆಯಲ್ಲಿ ಅದೂ ನಮಗೆ ರೂಢಿ ಇದ್ದದ್ದೇ. ತೊಂದರೆ ಏನಂದ್ರೆ ಕನ್ನಡದಲ್ಲಿ ಅದು ವಿಪರೀತ ಸುಲಭ. ಊರಲ್ಲಿ, ಮನೆಯಲ್ಲಿ, ಮಳೆಯಲ್ಲಿ. ಬಂದೆನು, ಹೋದೆನು. ಪ್ರತ್ಯಯವೇ ಪ್ರಾಸ ಹೊಂದಿಸಿಕೊಡುತ್ತದೆ, ಕವಿ ಏನೂ ಮಾಡಬೇಕಿಲ್ಲ. ಕಿವಿಗೆ ಅದು ತಟ್ಟೋದೂ ಇಲ್ಲ. ಹಾಗಾಗಿ ನಾನೊಂದು ಪರೀಕ್ಷೆ ಇಟ್ಟುಕೊಂಡೆ. ಪ್ರತ್ಯಯ ತೆಗೆದು ನೋಡಬೇಕು, ಉಳಿದ ಬೇರುಗಳು ಒಂದಕ್ಕೊಂದು ಉತ್ತರ ಕೊಡುತ್ತವಾ? ಮಣ್ಣು, ಕಣ್ಣು, ಕೊಡುತ್ತವೆ. ದಾರಿ, ಸಾರಿ, ಪ್ರತ್ಯಯವೇ ಇಲ್ಲ, ಇನ್ನೂ ಒಳ್ಳೆಯದು. ಒಂದು ನಾಮಪದ, ಒಂದು ಕ್ರಿಯಾಪದ ಸಿಕ್ಕರಂತೂ ಹಬ್ಬ, ಯಾಕಂದ್ರೆ ಓದುವವರು ಅದನ್ನು ಮೊದಲೇ ಊಹಿಸಿರೋದಿಲ್ಲ.

ಇಷ್ಟೆಲ್ಲ ಆಗಿ ಹದಿನಾಲ್ಕು ಸಾಲು ತುಂಬಿಸಿ ಕೊಟ್ಟೆ. ಮಾತ್ರೆ ಸರಿ, ಪ್ರಾಸ ಸರಿ. ಸರ್ ಒಂದೇ ಪ್ರಶ್ನೆ ಕೇಳಿದರು: "ಒಂಬತ್ತನೇ ಸಾಲಿನಾಗ ಏನು ತಿರುಗಿತು?" ಸುನೀತಕ್ಕೆ ಒಂದು ತಿರುವು ಇರಬೇಕು. ಇಟಲಿಯವರು ಅದಕ್ಕೆ ವೋಲ್ಟಾ ಅನ್ನುತ್ತಾರೆ, ಎಂಟು ಸಾಲು ಮುಗಿದು ಆರು ಸಾಲು ಶುರುವಾಗೋ ಕಡೆ ಬರುತ್ತದೆ. ಶೇಕ್ಸ್‌ಪಿಯರ್‌ನಲ್ಲಿ ಹಲವು ಸಲ ಕೊನೆಯ ಜೋಡಿಯಲ್ಲಿ ಬರುತ್ತದೆ. ನನ್ನ ಪದ್ಯದಲ್ಲಿ ಮೊದಲ ಸಾಲಿನ ದುಃಖವೇ ಹದಿನಾಲ್ಕನೆಯ ಸಾಲಿನಲ್ಲೂ ಇತ್ತು. ಛಂದಸ್ಸಿನ ಪುಸ್ತಕ ಓದಿ ಇದು ಬರೋದಿಲ್ಲ, ವಿಷಯವನ್ನೇ ಇನ್ನೊಂದು ಕಡೆಯಿಂದ ನೋಡಬೇಕು. ನಾನು ಆ ಮನೆಯ ಹತ್ತಿರ ಹೋಗೋದನ್ನೇ ಬಿಟ್ಟಿದ್ದೆ. ಒಂದು ಭಾನುವಾರ ಮಳೆ ನಿಂತ ಮೇಲೆ ಹೋಗಿ ಬಂದೆ. ಮನೆ ಕೊಂಡವರ ಮಗು ಅಂಗಳದ ನೀರಿನಲ್ಲಿ ಕಾಗದದ ದೋಣಿ ಬಿಡುತ್ತಿತ್ತು. ನಾವೂ ಅದೇ ಜಾಗದಲ್ಲಿ ಬಿಡುತ್ತಿದ್ದೆವು, ಅಲ್ಲಿ ನೆಲ ಸ್ವಲ್ಪ ಇಳಿಜಾರು ಇದೆ. ಒಂಬತ್ತನೇ ಸಾಲು ಅಲ್ಲೇ ಬಂತು:

ಅಂಗಳದಿ ಯಾವುದೋ ಮಗು ದೋಣಿ ಬಿಡುತಿತ್ತು

ಆ ಸಾಲು ಬಂದ ಮೇಲೆ ಹಿಂದಿನ ಎಂಟೂ ಸಾಲಿನ ಅಳು ತಾನಾಗೇ ಕಡಿಮೆ ಮಾಡಬೇಕಾಯಿತು, ಒಂದೆರಡು ಸಾಲು ಪೂರ್ತಿ ತೆಗೆದುಹಾಕಿದೆ. ತಿರುವು ಗೊತ್ತಿದ್ದರೆ ಎಲ್ಲಿಂದ ತಿರುಗಬೇಕು ಅನ್ನೋದೂ ಗೊತ್ತಾಗುತ್ತದೆ. ಸುನೀತ ಕಲಿಯೋರಿಗೆ ನಾನು ಒಂದೇ ಮಾತು ಹೇಳೋದಾದರೆ ಇದನ್ನೇ ಹೇಳ್ತೀನಿ. ಮಾತ್ರೆಯನ್ನು ಯಾರಾದರೂ ಕೂತು ಕಲಿಯಬಹುದು, ತಿರುವಿಗೆ ಮಾತ್ರ ಎದ್ದು ಹೋಗಿ ನೋಡಿಕೊಂಡು ಬರಬೇಕು.

ಕೊನೆಯ ಜೋಡಿ ಸಾಲು ಇವು:

ಮಾರಿದೆವು ಮನೆಯನ್ನು ಕಾಗದಕೆ ಸಹಿ ಹಾಕಿ
ಹಿತ್ತಲಿನ ತುಳಸಿಗಿಡ ನಮ್ಮದದು, ಅದೆ ಬಾಕಿ

ಹಾಕಿ, ಬಾಕಿ. ಒಂದು ಕ್ರಿಯಾಪದ, ಒಂದು ನಾಮಪದ. ಬಾಕಿ ನಾನು ದಿನಾ ಖಾತೆ ಪುಸ್ತಕದಲ್ಲಿ ಬರೆಯೋ ಪದ. ಅದು ಪದ್ಯಕ್ಕೆ ಬರುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಸರ್ ಈ ಸಾಲನ್ನು ಎರಡು ಸಲ ಓದಿಸಿದರು. "ಇದು ನಿಂದವಾ. ಇದನ್ನ ಯಾವ ಪು‌ಸ್ತಕದಾಗಿಂದೂ ತಂದಿಲ್ಲ" ಅಂದರು. ಚಿಕ್ಕವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಅದನ್ನು ತಮ್ಮದೇ ಧಾಟಿಯಲ್ಲಿ ಹಾಡಲು ನೋಡಿ, "ಇದು ಭಾಮಿನಿ ಅಲ್ಲಲ್ಲs, ಎಲ್ಲೋ ಜಗ್ಗತೈತಿ" ಅಂದರು. ಕಿವಿ ಅಂದ್ರೆ ಅದು, ಪ್ರಸ್ತಾರ ಹಾಕದೇ ಐದು ಮಾತ್ರೆ ಹಿಡಿದುಬಿಟ್ಟರು.

ಈಗ ಇಟಲಿಯ ಕಟ್ಟಿನಲ್ಲಿ, ಎಂಟು ಸಾಲಿಗೆ ಎರಡೇ ಪ್ರಾಸ ಇಟ್ಟು ಮಾರ್ಕೆಟ್ಟಿನ ಮೇಲೆ ಒಂದು ಬರೆಯುತ್ತಿದ್ದೇನೆ. ಮೇಲೆ ಹೇಳಿದ ಹತ್ತಿ ಹರಾಜಿನ ಸಾಲೇ ಅದರ ಮೊದಲ ಸಾಲು. ಹೊತ್ತು ಅನ್ನೋದಕ್ಕೆ ಗೊತ್ತು, ಸೊತ್ತು ಸಿಕ್ಕಿವೆ, ಚೀಲ ಹೊತ್ತು ಅನ್ನೋ ಇನ್ನೊಂದು ಹೊತ್ತು ಇದೆ, ಅಲ್ಲಿಗೆ ನಾಲ್ಕಾಯಿತು. ಎರಡನೇ ಸಾಲು "ರೈತರೊಬ್ಬರ ಕಿಸೆಯ ಮುದ್ದೆಯಾದ ರಸೀದಿ". ರಸೀದಿ ಜಗಣ ಅಲ್ವಾ, ಹಿಂದಿನ 'ದ' ಸೇರಿಸಿಕೊಂಡು 'ದ ರಸೀದಿ' ಅಂತ ಐದು ಮಾತ್ರೆ ಮಾಡಿದ್ದೇನೆ. ಅದಕ್ಕೆ ಪ್ರಾಸವಾಗಿ ಬೀದಿ, ಖರೀದಿ ಇವೆ. ಒಂಬತ್ತನೇ ಸಾಲನ್ನು ಈ ಸಲ ಮೊದಲೇ ಬರೆದಿಟ್ಟಿದ್ದೇನೆ, ಅಲ್ಲಿ ಆ ರೈತರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ, ಮೊದಲ ಎಂಟು ಸಾಲು ಅಲ್ಲಿಗೆ ಹೋಗಿ ಮುಟ್ಟಬೇಕು. 'ಈದಿ' ಪ್ರಾಸಕ್ಕೆ ನಾಲ್ಕನೆಯ ಪದ ಮಾತ್ರ ಬಾಕಿ. ಮಸೀದಿ ನೆನಪಾಗಿತ್ತು, ಆ ಸಾಲಿನ ಅರ್ಥಕ್ಕೆ ಕೂಡುತ್ತಿಲ್ಲ. ಯಾರಿಗಾದರೂ ಬೇರೆ ಪದ ಹೊಳೆದರೆ ದಯವಿಟ್ಟು ಹೇಳಿ.